ಪ್ಲಗ್ಗು ಧಣಿಯದು, ದಂಡ ಡ್ರೈವರನದೇ?

ಹೋಟೆಲಿನಲ್ಲಿ ಕಪ್ಪು-ಬಸಿ ಒಡೆದರೆ ಹುಡುಗನ ಸಂಬಳದಲ್ಲಿ ಮುರಿದುಕೊಳ್ಳುವ ರೂಢಿಯನ್ನು ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ. ಬಸಿ ಮೊದಲೇ ಸೀಳಿತ್ತೇ, ನೆಲದ ಮೇಲೆ ಎಣ್ಣೆ ಚೆಲ್ಲಿತ್ತೇ ಎಂದು ಗಲ್ಲಾದಲ್ಲಿ ಕುಳಿತವರು ಕೇಳುವುದಿಲ್ಲ. ಇದೇ ಲೆಕ್ಕ ಲಾರಿ, ಟೆಂಪೋ ನಡೆಸುವ ನಮ್ಮ ಬಂಧುಗಳ ಮೇಲೂ ಬೀಳುವುದುಂಟು. ಪಿಸ್ಟನ್ ಸುಟ್ಟಿತೆಂದರೆ ತಪ್ಪು ಡ್ರೈವರನದು. ತಿಂಗಳ ಕೊನೆಗೆ ಕಡಿತವೂ ಅವನದೇ. ಆ ಎಂಜಿನಿಗೆ ಪ್ಲಗ್ಗು ಆರಿಸಿದವರು ಯಾರು? ಈ ಪ್ರಶ್ನೆಯನ್ನು ನಾವು ಇಂದು ಎತ್ತುತ್ತೇವೆ.

ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಿಂದ ಡಾಡ್ಜ್, ಫಾರ್ಗೋ ಲಾರಿಗಳು ಹೊರಬಂದ ಕಾಲವೊಂದಿತ್ತು. ಬೆಂಗಳೂರಿನಲ್ಲಿ 1951ರಲ್ಲಿ ಆರಂಭವಾದ ಮೈಕೋ ಕಂಪನಿ (2008ರಿಂದ ಅದರ ಹೆಸರು ಬಾಷ್) ಸ್ಪಾರ್ಕ್ ಪ್ಲಗ್ಗನ್ನು ಈ ದೇಶದಲ್ಲೇ ಮಾಡಿತು. ಆಗ ಗಾಡಿಗೆ ಯಾವ ಪ್ಲಗ್ಗೆಂದು ಗಾಡಿಯ ಪುಸ್ತಕವೇ ಹೇಳುತ್ತಿತ್ತು. 1995ರಲ್ಲಿ ಮಹಾನಗರ್ ಗ್ಯಾಸ್ ಸ್ಥಾಪನೆಯಾಯಿತು. 2000ದ ದಶಕದ ಆರಂಭದಲ್ಲಿ ಹೈಕೋರ್ಟಿನ ಆದೇಶಗಳಂತೆ ಮುಂಬಯಿಯ ಹಳೆಯ ಟ್ಯಾಕ್ಸಿಗಳು ಸಿಎನ್‌ಜಿಗೆ ತಿರುಗಿದವು. ಸರಕು ಗಾಡಿಗಳೂ ಅದೇ ದಾರಿ ಹಿಡಿದವು. ಎಂಜಿನು ಬದಲಾಯಿತು, ಪುಸ್ತಕ ಮಾತ್ರ ಹಳೆಯದೇ ಉಳಿಯಿತು.

ಡೀಸೆಲ್ ಎಂಜಿನಿನ ಸಂಗತಿಯನ್ನು ನೋಡಿರಿ. ಅದಕ್ಕೆ ಸ್ಪಾರ್ಕ್ ಪ್ಲಗ್ಗೇ ಇಲ್ಲ. ಗಾಳಿಯನ್ನು 16ರಿಂದ 18 ಪಟ್ಟು ಒತ್ತಿದಾಗ ಹುಟ್ಟುವ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ಅದನ್ನು ಗ್ಯಾಸಿಗೆ ತಿರುಗಿಸುವಾಗ ಒತ್ತಡವನ್ನು 10-12 ಪಟ್ಟಿಗೆ ಇಳಿಸಿ, ಇಂಜೆಕ್ಟರಿನ ಜಾಗವನ್ನು ಕೊರೆದು ಪ್ಲಗ್ಗು ಕೂರಿಸುತ್ತಾರೆ. ಹಳೆಯದನ್ನು ನೋಡಿ ಹೊಸದು ತರೋಣವೆಂದರೆ ಹಳೆಯದೇ ಇಲ್ಲ. ಇಂಥಲ್ಲಿ ‘ಆಟೆ ಕೂತಿತಲ್ಲ, ಸಾಕು’ ಎಂದು ಅಗ್ಗದ್ದನ್ನು ಸಿಕ್ಕಿಸಿದರೆ ಕೇಡು ಅಲ್ಲಿಂದಲೇ ಶುರು.

ನೋಡಬೇಕಾದ್ದು ಮೂರು. ಮೊದಲನೆಯದು ಆಟೆಯ ಉದ್ದ. ಉದ್ದ ಹೆಚ್ಚಾದರೆ ಪ್ಲಗ್ಗಿನ ತುದಿ ಒಳಗೆ ಚಾಚಿ ಪಿಸ್ಟನಿಗೆ ಬಡಿಯಬಹುದು. ಕಡಿಮೆಯಾದರೆ ಖಾಲಿ ಆಟೆಯಲ್ಲಿ ಮಸಿ ಕಟ್ಟುತ್ತದೆ. ಎರಡನೆಯದು ಬಿಸಿಯ ದರ್ಜೆ. ತುದಿ ಸುಮಾರು 450 ಡಿಗ್ರಿಗಿಂತ ತಣ್ಣಗಿದ್ದರೆ ಮಸಿ ಸುಟ್ಟುಹೋಗದೆ ಕೂಡುತ್ತದೆ. 850 ದಾಟಿದರೆ ಕಿಡಿ ಬರುವ ಮೊದಲೇ ಅನಿಲ ಹೊತ್ತಿ ಪಿಸ್ಟನ್ ಸುಡುತ್ತದೆ. ಗ್ಯಾಸಿನ ಎಂಜಿನಿಗೆ ಸಾಮಾನ್ಯವಾಗಿ ಒಂದು ಮೆಟ್ಟಿಲು ತಣ್ಣನೆಯ ಪ್ಲಗ್ಗು ಬೇಕು. ಮೂರನೆಯದು ಕಿಡಿಯ ಸಂದು. ಗ್ಯಾಸಿನಲ್ಲಿ ಕಿಡಿ ಹಾರಲು ವಿದ್ಯುತ್ತಿನ ಒತ್ತಡ ಹೆಚ್ಚು ಬೇಕು. ಆದ್ದರಿಂದ ಪೆಟ್ರೋಲಿನದಕ್ಕಿಂತ ಸಂದು ಕಿರಿದಾಗಿರಬೇಕು. ಸವೆದ ಪ್ಲಗ್ಗಿನ ಸಂದು ಅಗಲವಾಗುತ್ತದೆ. ಎಂಜಿನು ತಪ್ಪಿ ಹೊಡೆಯುತ್ತದೆ, ಕಾಯಿಲೂ ಕೆಡುತ್ತದೆ.

ನಂಬರಿನ ಮೋಸವೊಂದಿದೆ, ಎಚ್ಚರವಿರಲಿ. ಎನ್‌ಜಿಕೆ ಪ್ಲಗ್ಗಿನಲ್ಲಿ ಅಂಕೆ ಏರಿದಂತೆ ಪ್ಲಗ್ಗು ತಣ್ಣಗಾಗುತ್ತದೆ. ಬಾಷ್ ಪ್ಲಗ್ಗಿನಲ್ಲಿ ಅಂಕೆ ಏರಿದಂತೆ ಬಿಸಿಯಾಗುತ್ತದೆ. ಒಂದರ 6 ಇನ್ನೊಂದರ 7ಕ್ಕೆ ಸಮೀಪ. ‘ನಂಬರು ಒಂದು ಹೆಚ್ಚಿಗೆಯದು ಕೊಡು’ ಎಂದು ಹುಡುಗನನ್ನು ಅಂಗಡಿಗೆ ಅಟ್ಟಿದರೆ ತಣ್ಣನೆಯದು ಬೇಕಾದಲ್ಲಿ ಬಿಸಿಯದೇ ಬರಬಹುದು.

ಗಾಡಿಯ ಕೆಲಸವನ್ನೂ ನೋಡಬೇಕು. ವಾಶಿ ಮಾರ್ಕೆಟಿನಿಂದ ತುಂಬಿಕೊಂಡು ಖಂಡಾಲಾ ಘಾಟು ಹತ್ತುವ ಲಾರಿಗೂ, ಕುರ್ಲಾ-ಸಾಕಿನಾಕಾ ಸಂದಣಿಯಲ್ಲಿ ದಿನವಿಡೀ ನಿಂತು ನಿಂತು ಸಾಗುವ ಟೆಂಪೋಗೂ ಒಂದೇ ಪ್ಲಗ್ಗು ಹೇಗೆ ಒಪ್ಪೀತು? ಎಂಜಿನು ಹೇಗೆ ಎಳೆಯುತ್ತದೆ, ಯಾವ ಏರಿನಲ್ಲಿ ಕುಟ್ಟುತ್ತದೆ ಎಂಬುದು ಆಫೀಸಿನಲ್ಲಿ ಕುಳಿತವರಿಗೆ ತಿಳಿಯದು, ಸ್ಟೇರಿಂಗ್ ಹಿಡಿದವನಿಗೆ ತಿಳಿಯುತ್ತದೆ. ಆರಿಸುವಾಗ ಮಾತ್ರ ಅವನನ್ನು ಯಾರೂ ಕೇಳುವುದಿಲ್ಲ.

‘ಬೆಲೆಬಾಳುವ ಇರಿಡಿಯಂ ಪ್ಲಗ್ಗು ಹಾಕಲು ನಮ್ಮಿಂದಾಗದು’ ಎಂದು ಧಣಿಗಳು ಹೇಳಬಹುದು. ನಾವು ಅದನ್ನು ಕೇಳುತ್ತಿಲ್ಲ. ಇರಿಡಿಯಂ ಹೆಚ್ಚು ದಿನ ಬಾಳುತ್ತದೆ, ನಿಜ. ದರ್ಜೆ ತಪ್ಪಿದರೆ ಅದೂ ಎಂಜಿನನ್ನು ಕೆಡಿಸುತ್ತದೆ. ಸಾಲ ಮಾಡಿ ಒಂದೇ ಟೆಂಪೋ ಕೊಂಡ ಬಡ ಮಾಲಿಕನ ಕಷ್ಟವೂ ನಮಗೆ ಗೊತ್ತು. ಪ್ಲಗ್ಗಿನಲ್ಲಿ ಉಳಿಸಿದ ನೂರು ರೂಪಾಯಿ ಪಿಸ್ಟನಿನಲ್ಲಿ ಸಾವಿರಗಳಾಗಿ ಹೋಗುವುದರಿಂದ ಅವನಿಗೂ ಲಾಭವಿಲ್ಲ.

ಕಾನೂನಿನ ಮಾತು ಸ್ಪಷ್ಟವಿದೆ. ವಶಕ್ಕೆ ಕೊಟ್ಟ ವಸ್ತು ಹಾಳಾದಾಗ ಅದು ಕೆಲಸಗಾರನ ಅಲಕ್ಷ್ಯದಿಂದಲೇ ಆಗಿದ್ದರೆ ಮಾತ್ರ ಕಡಿತ. ಅದಕ್ಕೂ ಮೊದಲು ಅವನ ಸಮಜಾಯಿಷಿ ಕೇಳಬೇಕು. 1936ರ ವೇತನ ಪಾವತಿ ಕಾಯಿದೆ ಹೀಗೆ ಹೇಳಿತು. 2019ರ ವೇತನ ಸಂಹಿತೆಯೂ ಈ ತತ್ತ್ವವನ್ನು ಉಳಿಸಿಕೊಂಡಿದೆ.

ಆದ್ದರಿಂದ ನಮ್ಮ ಬೇಡಿಕೆ ಇಷ್ಟೆ. ಎಂಜಿನು ಮಾರ್ಪಡಿಸಿದ ಗ್ಯಾರೇಜು ಪ್ಲಗ್ಗಿನ ಹೆಸರು, ನಂಬರು, ಸಂದಿನ ಅಳತೆಯನ್ನು ಬರೆದು ಕೊಡಲಿ. ಆ ಚೀಟಿ ಗಾಡಿಯಲ್ಲಿರಲಿ. ಪ್ಲಗ್ಗು ಬದಲಿಸಿದ ದಿನ ಡ್ರೈವರನೂ ಪುಸ್ತಕದಲ್ಲಿ ಸಹಿ ಹಾಕಲಿ. ಎಂಜಿನು ಕೆಟ್ಟಾಗ ಮೊದಲು ಪ್ಲಗ್ಗು ಬಿಚ್ಚಿ ನೋಡಲಿ, ಸಂಬಳದ ಮಾತು ಆಮೇಲೆ. ಡ್ರೈವರ್ ಬಂಧುಗಳೇ, ಬಿಚ್ಚಿದ ಹಳೆಯ ಪ್ಲಗ್ಗನ್ನು ಎಸೆಯಬೇಡಿರಿ. ಗುಳ್ಳೆಯೆದ್ದ ಪಿಂಗಾಣಿ, ಕರಗಿದ ತುದಿ ನಿಮ್ಮ ಪರವಾಗಿ ಸಾಕ್ಷಿ ಹೇಳುತ್ತವೆ. ಕಾಗದದಲ್ಲಿ ಸುತ್ತಿ, ತಾರೀಖು ಬರೆದು, ಸಂಘದ ಕಚೇರಿಗೆ ತನ್ನಿರಿ.