ಅಂಗಸಾಧನೆಗೆ ಬಿಡುವು ಎಲ್ಲಿ?

ಕಳೆದ ತಿಂಗಳು ಪಕ್ಷದ ಕೆಲಸದ ಮೇಲೆ ಬೆಂಗಳೂರಿಗೆ ಹೋಗಿದ್ದಾಗ ಎರಡು ದಿನ ಜಯನಗರದಲ್ಲಿ ತಂಗುವ ಸಂದರ್ಭ ಒದಗಿತು. ಬೆಳಗಿನ ಆರು ಗಂಟೆಗೇ ಅಲ್ಲಿನ ಉದ್ಯಾನದಲ್ಲಿ ಜನ ನೆರೆದಿದ್ದರು. ನಿವೃತ್ತ ಅಧಿಕಾರಿಗಳು, ಬ್ಯಾಂಕಿನವರು, ಗೃಹಿಣಿಯರು ಬಿಳಿಯ ಬೂಟು ತೊಟ್ಟು ಬಿರಬಿರನೆ ನಡೆಯುತ್ತಿದ್ದರು. ಕಂಡು ಸಂತೋಷವಾಯಿತು. ಅದೇ ದಿನ ರಾತ್ರಿ ಹನ್ನೊಂದು ಗಂಟೆಗೆ ಬಿ.ಟಿ.ಎಂ. ಬಡಾವಣೆಯಲ್ಲಿ ನಮ್ಮ ಊರಿನ ಗಿರಣಿ ಕಾರ್ಮಿಕರೊಬ್ಬರ ಮಗನನ್ನು ಕಂಡೆವು. ಸ್ಕೂಟರಿನಲ್ಲಿ ಮನೆಮನೆಗೆ ಊಟ ಮುಟ್ಟಿಸುವುದು ಅವನ ಕಸುಬು. ಎರಡು ವರ್ಷದ ಕೆಳಗೆ ಕಡ್ಡಿಯಂತಿದ್ದ ಹುಡುಗನಿಗೆ ಹೊಟ್ಟೆ ಮುಂದೆ ಬಂದಿತ್ತು. ನಿದ್ದೆ ಹತ್ತುವುದಿಲ್ಲ, ಯಾರೊಡನೆಯೂ ಮಾತು ಬೇಡವೆನಿಸುತ್ತದೆ ಎಂದ. "ಸ್ವಲ್ಪ ವ್ಯಾಯಾಮ ಮಾಡಬಾರದೇನಪ್ಪಾ" ಎಂದು ಕೇಳಿದೆವು. ಕೇಳಿದ ಮರುಗಳಿಗೆಯೇ ನಮಗೆ ನಾಚಿಕೆಯಾಯಿತು. ಬೆಳಗಿನಿಂದ ಹದಿಮೂರು ಗಂಟೆ ದುಡಿದವನು ಯಾವ ಹೊತ್ತಿನಲ್ಲಿ ಮಾಡಬೇಕು?

ಬೊಜ್ಜು ಬಂದವನು ಸೋಮಾರಿ ಎಂಬುದು ನಮ್ಮಲ್ಲಿ ಬೇರೂರಿದ ಮಾತು. ಹಿಂದೆ ಅದು ಸಾಹುಕಾರನ ಲಕ್ಷಣವೆಂದೂ ಹೇಳುತ್ತಿದ್ದರು. ಎರಡೂ ಈಗ ಸುಳ್ಳಾಗಿವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ವಯಸ್ಕ ಸ್ತ್ರೀಪುರುಷರಲ್ಲಿ ನೂರಕ್ಕೆ ಸುಮಾರು 30 ಮಂದಿ ತೂಕ ಮೀರಿದವರು. ಇವರೆಲ್ಲ ಸಾಹುಕಾರರೇ? ಅಗ್ಗದ ಎಣ್ಣೆಯಲ್ಲಿ ಕರಿದ ತಿಂಡಿ, ದಿನಕ್ಕೆ ಎಂಟು ಲೋಟ ಸಕ್ಕರೆ ಹಾಕಿದ ಚಹಾ, ರಾತ್ರಿ ಪಾಳಿ, ಅರೆನಿದ್ದೆ, ಇವೇ ಬಡವನ ಹೊಟ್ಟೆಯನ್ನು ಬೆಳೆಸುತ್ತಿವೆ. ನಿದ್ದೆ ಕೆಟ್ಟರೆ ಹಸಿವಿನ ಅಳತೆ ತಪ್ಪುತ್ತದೆಂದು ವೈದ್ಯರು ಹೇಳುತ್ತಾರೆ. ಸೊಂಟದ ಸುತ್ತಳತೆ ಗಂಡಸಿಗೆ 90, ಹೆಂಗಸಿಗೆ 80 ಸೆಂಟಿಮೀಟರ್ ದಾಟಿದರೆ ಸಕ್ಕರೆ ಕಾಯಿಲೆ, ಹೃದ್ರೋಗಗಳ ಭಯ ಹೆಚ್ಚು.

ದೇಹ ಕೆಟ್ಟರೆ ಮನಸ್ಸೂ ಕೆಡುತ್ತದೆ. ಮನಸ್ಸು ಕುಗ್ಗಿದರೆ ದೇಹವೂ ಕುಗ್ಗುತ್ತದೆ. ಬೊಜ್ಜು ಮತ್ತು ಖಿನ್ನತೆ ಒಂದನ್ನೊಂದು ಎಳೆದು ತರುತ್ತವೆ. ನಿಯಮಿತವಾಗಿ ನಡೆದಾಡುವುದರಿಂದ ನಿದ್ದೆ ಸುಧಾರಿಸುತ್ತದೆ, ಸಾಧಾರಣ ಖಿನ್ನತೆ ಹಗುರವಾಗುತ್ತದೆ. ಜಯನಗರದ ಪಕ್ಕದಲ್ಲೇ ಹೊಸೂರು ರಸ್ತೆಯಲ್ಲಿರುವ ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ದೇಶದ 12 ರಾಜ್ಯಗಳಲ್ಲಿ ಸಮೀಕ್ಷೆ ನಡೆಸಿದಾಗ ಹತ್ತು ವಯಸ್ಕರಲ್ಲಿ ಸುಮಾರು ಒಬ್ಬರಿಗೆ ಒಂದಲ್ಲ ಒಂದು ಮನೋವ್ಯಾಧಿ ಇದ್ದದ್ದು ಕಂಡುಬಂತು. ಅವರಲ್ಲಿ ಹೆಚ್ಚಿನವರಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ಮನಸ್ಸಿನ ಕಾಯಿಲೆಯನ್ನು ಬಾಯಿಬಿಟ್ಟು ಹೇಳಿದರೆ ಹುಚ್ಚನೆನ್ನುತ್ತಾರೆಂಬ ಅಂಜಿಕೆ. ಆಸ್ಪತ್ರೆಗೆ ಹೋದರೆ ಒಂದು ದಿನದ ಕೂಲಿ ಹೋಯಿತೆಂಬ ಲೆಕ್ಕ.

ಮೈಮುರಿದು ದುಡಿಯುವವನಿಗೆ ಬೇರೆ ವ್ಯಾಯಾಮವೇಕೆ ಎಂದು ಕೇಳುವವರುಂಟು. ನೂಲುವ ಯಂತ್ರದ ಮುಂದೆ ಎಂಟು ಗಂಟೆ ನಿಂತರೆ ಕಾಲಿನ ನರ ಉಬ್ಬುತ್ತದೆ, ಎದೆ ಬಲವಾಗುವುದಿಲ್ಲ. ಅಂಗಡಿಯ ಗಲ್ಲಾದ ಮುಂದೆ ಬೆಳಗಿನಿಂದ ರಾತ್ರಿಯವರೆಗೆ ಕುಳಿತ ವ್ಯಾಪಾರಿಯ ಪಾಡೂ ಅಷ್ಟೆ. ಯಜಮಾನನ ಗಡಿಯಾರಕ್ಕೆ ಆಡುವ ಮೈ ಬೇರೆ, ತನ್ನ ಇಚ್ಛೆಯಿಂದ ಆಡುವ ಮೈ ಬೇರೆ. ಮನಸ್ಸಿಗೆ ಉಲ್ಲಾಸ ಬರುವುದು ಎರಡನೆಯದರಿಂದ.

ಇದನ್ನು ಬೆಂಗಳೂರಿನಲ್ಲೇ ಚೆನ್ನಾಗಿ ಅರಿತವರೊಬ್ಬರಿದ್ದರು. ವ್ಯಾಯಾಮಶಾಲೆಯನ್ನು ಕಟ್ಟಿ, ಅಂಚೆಯ ಮೂಲಕವೂ ಅಂಗಸಾಧನೆಯ ಪಾಠ ಹೇಳಿ ಹೆಸರಾದ ಕೆ. ವಿ. ಅಯ್ಯರ್ ಅವರು. 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳನ್ನು ಬರೆದವರೂ ಇವರೇ. ನಾಟಕಕಾರ ಕೈಲಾಸಂ ಇವರ ಆಪ್ತರು. ಅಯ್ಯರ್ ಅವರ ಬಳಗದಲ್ಲಿ ಸಾಮು, ಸಾಹಿತ್ಯ, ನಾಟಕ, ನಗೆ ಎಲ್ಲವೂ ಕೂಡಿದ್ದವು. ನಮ್ಮ ಊರುಗಳ ಗರಡಿಮನೆಗಳೂ ಹೀಗೆಯೇ ನಾಲ್ಕು ಜನ ಕೂಡುವ ಸ್ಥಳಗಳಾಗಿದ್ದವು. ಇಂದು ಜೆ. ಪಿ. ನಗರ, ಬನಶಂಕರಿಗಳಲ್ಲಿ ಬೀದಿಬೀದಿಗೆ ಗಾಜಿನ ಗೋಡೆಯ ವ್ಯಾಯಾಮಶಾಲೆಗಳಿವೆ. ದುಡ್ಡು ಕಟ್ಟಿದವನಿಗೆ ಬಾಗಿಲು ತೆರೆಯುತ್ತದೆ. ಆರೋಗ್ಯವೂ ಅಂಗಡಿಯ ಸರಕಾಗಿದೆ.

ಬೆಂಗಳೂರಿನ ಉದ್ಯಾನಗಳ ಕಥೆಯನ್ನೇ ನೋಡಿ. ಬಹುಕಾಲ ಅವು ಹಗಲಿನಲ್ಲಿ ಕೆಲವು ಗಂಟೆ ಮುಚ್ಚಿರುತ್ತಿದ್ದವು, ರಾತ್ರಿ ಬೇಗನೆ ಬೀಗ ಬೀಳುತ್ತಿತ್ತು. ಪಾಳಿ ಮುಗಿಸಿ ಬಂದವನಿಗೆ ಕಂಬಿಬೇಲಿಯ ದರ್ಶನವೇ ಗತಿ. ಬೆಳಗಿನ ಐದರಿಂದ ರಾತ್ರಿ ಹತ್ತರವರೆಗೆ ತೆರೆದಿಡಬೇಕೆಂದು ಆಗಿನ ಮಹಾನಗರ ಪಾಲಿಕೆ ತೀರ್ಮಾನಿಸಿದ್ದು 2024ರಲ್ಲಿ. ಒಂದು ಬೀಗದ ಕೈಯಲ್ಲಿ ಎಷ್ಟು ಜನರ ಆರೋಗ್ಯವಿದೆ ಎಂಬುದು ಇದರಿಂದ ತಿಳಿಯುತ್ತದೆ.

ಬೀಗಕ್ಕಿಂತ ದೊಡ್ಡದು ವೇಳೆಯ ಪ್ರಶ್ನೆ. ಎಂಟು ಗಂಟೆಯ ದುಡಿಮೆಗಾಗಿ 1886ರಲ್ಲಿ ಚಿಕಾಗೋದಲ್ಲಿ ಕಾರ್ಮಿಕರು ಪ್ರಾಣ ತೆತ್ತರು. ಉಳಿದ ವೇಳೆಯಲ್ಲಿ ಮನುಷ್ಯನಾಗಿ ಬಾಳಬೇಕೆಂಬುದೇ ಅವರ ಬೇಡಿಕೆಯ ತಿರುಳು. 2023ರಲ್ಲಿ ನಮ್ಮ ರಾಜ್ಯದ ಶಾಸನಸಭೆ ಕಾರ್ಖಾನೆ ಕಾಯಿದೆಯನ್ನು ತಿದ್ದಿ ದಿನದ ದುಡಿಮೆಯನ್ನು ಹನ್ನೆರಡು ಗಂಟೆಯವರೆಗೆ ಹಿಗ್ಗಿಸಲು ಹಾದಿ ಮಾಡಿತು. ವಾರಕ್ಕೆ 48 ಗಂಟೆ ಮೀರುವುದಿಲ್ಲ, ಕಾರ್ಮಿಕನ ಲಿಖಿತ ಒಪ್ಪಿಗೆ ಬೇಕು ಎಂದು ಸಮಾಧಾನ ಹೇಳಿದರು. ಕೆಲಸ ಕಳೆದುಕೊಳ್ಳುವ ಭಯದಲ್ಲಿ ಹಾಕಿದ ರುಜು ಒಪ್ಪಿಗೆಯೇ? ಒಂದು ಕೈಯಲ್ಲಿ ಯೋಗ ದಿನದ ಭಿತ್ತಿಪತ್ರ, ಇನ್ನೊಂದು ಕೈಯಲ್ಲಿ ಹನ್ನೆರಡು ಗಂಟೆಯ ಮಸೂದೆ. ಇಂಥ ಉಪದೇಶವನ್ನು ಕೇಳುವ ತಾಳ್ಮೆ ನಮಗಿಲ್ಲ.

ಹಾಗೆಂದು ಎಲ್ಲ ತಪ್ಪನ್ನೂ ಸರ್ಕಾರದ ತಲೆಗೆ ಕಟ್ಟಿ ಕೂರಲಾಗದು. ನಾವು ಉಪಾಧ್ಯಾಯರಾಗಿದ್ದಾಗ ಪರೀಕ್ಷೆ ಹತ್ತಿರ ಬಂತೆಂದು ಡ್ರಿಲ್ ಪಿರಿಯಡ್ಡನ್ನು ಕಿತ್ತು ಗಣಿತ ಹೇಳಿದ್ದುಂಟು. ಇಂದು ನಮ್ಮ ಸಂಘದ ಸಭೆಗಳೂ ಬೋಂಡ, ಚಹಾದೊಡನೆ ನಡುರಾತ್ರಿಯವರೆಗೆ ಎಳೆಯುತ್ತವೆ. ಇದನ್ನು ಮೊದಲು ತಿದ್ದಿಕೊಳ್ಳೋಣ.

ನಮ್ಮ ಊರಿನಲ್ಲಿ ಕೂಡಲೇ ಆಗಬಹುದಾದ ಕೆಲಸಗಳಿವೆ. ಶಾಲೆಯ ಆಟದ ಬಯಲುಗಳು ಸಂಜೆ ಆರರಿಂದ ರಾತ್ರಿ ಹತ್ತರವರೆಗೆ, ದೀಪದೊಡನೆ, ಎಲ್ಲರಿಗೂ ತೆರೆಯಲಿ. ಹೆಂಗಸರು ನಿರ್ಭಯವಾಗಿ ನಡೆಯುವಂತಿರಲಿ. ಪಾಳುಬಿದ್ದ ಗರಡಿಮನೆಗೆ ನಗರಸಭೆ ಸುಣ್ಣ, ಹೆಂಚು ಹಾಕಿಸಲಿ. ಒಬ್ಬ ಅಂಗಡಿ ಮುಚ್ಚಿದರೆ ಗಿರಾಕಿ ಪಕ್ಕದವನಿಗೆ ಹೋದಾನೆಂಬ ಭಯ ವ್ಯಾಪಾರಿಗಳಿಗಿದೆ. ಆದ್ದರಿಂದ ಬಜಾರಿನವರೆಲ್ಲ ಮಾತನಾಡಿಕೊಂಡು ವಾರದಲ್ಲಿ ಒಂದು ದಿನ ಒಟ್ಟಿಗೆ ಬಾಗಿಲು ಹಾಕಲಿ. ಮನಸ್ಸು ಕುಗ್ಗಿದವರು 14416ಕ್ಕೆ ದೂರವಾಣಿ ಮಾಡಿದರೆ ಸರ್ಕಾರದ ಟೆಲಿ-ಮಾನಸ್‌ನಲ್ಲಿ ಉಚಿತವಾಗಿ ಸಲಹೆ ಸಿಗುತ್ತದೆ. ಸಂಖ್ಯೆಯನ್ನು ಗಿರಣಿಯ ಗೇಟಿನಲ್ಲಿ ಬರೆಸೋಣ.

ಆ ಹುಡುಗನ ತಂದೆಗೆ ನಾವು ಮಗನ ವಿಷಯ ತಿಳಿಸಿದೆವು. "ತಿನ್ನುವುದು ಕಡಿಮೆ ಮಾಡಲು ಹೇಳಿ" ಎಂದರು. ಅವನಿಗೆ ಕಡಿಮೆಯಾಗಬೇಕಾದದ್ದು ಮೊದಲು ದುಡಿಮೆಯ ಗಂಟೆ. ಅದನ್ನು ಅವನೊಬ್ಬನೇ ಕಡಿಮೆ ಮಾಡಿಕೊಳ್ಳಲಾರ. ಅದಕ್ಕಾಗಿಯೇ ಸಂಘವಿರುವುದು.