ಬೀಗದ ಕೈ ಯಾರಲ್ಲಿರಬೇಕು?

ಪರೋಪಕಾರಕ್ಕಾಗಿ ಏರ್ಪಟ್ಟ ಸಂಘಗಳಿಗೆ ಚಂದಾ ಕೊಡುವುದು ನಮ್ಮ ಮನೆಗಳಲ್ಲಿ ಹಿಂದಿನಿಂದ ಬಂದ ವಾಡಿಕೆ. ಕೊಡುವಾಗ ನಾವು ಕೇಳುವುದು ಸಾಮಾನ್ಯವಾಗಿ ಒಂದೇ ಪ್ರಶ್ನೆ: ಅದರ ಮುಖಂಡರು ಯಾರು? ಹೆಸರು ಪ್ರಸಿದ್ಧವಾಗಿದ್ದರೆ ರಶೀದಿಯನ್ನು ಪಡೆದು ನಿಶ್ಚಿಂತರಾಗುತ್ತೇವೆ. ಪ್ರಶ್ನೆಯು ತಪ್ಪಲ್ಲ, ಆದರೆ ಅದೊಂದೇ ಸಾಲದು. ಕಾಡಿನ ಮೂಲನಿವಾಸಿಗಳ ಏಳಿಗೆಗಾಗಿ ದುಡಿಯುವ ಸಂಸ್ಥೆಗಳ ವಿಷಯದಲ್ಲಂತೂ ಅದು ಏತಕ್ಕೆ ಸಾಲದೆಂಬುದನ್ನು ಈ ತಿಂಗಳು ವಾಚಕರೊಡನೆ ವಿಚಾರಮಾಡಬೇಕೆಂದಿದ್ದೇವೆ.

ದೃಷ್ಟಾಂತಕ್ಕಾಗಿ ದೂರ ಹೋಗಬೇಕಾಗಿಲ್ಲ. ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟಕ್ಕೆ ಯಾತ್ರೆ ಹೋಗಿಬಂದವರು ನಮ್ಮ ವಾಚಕರಲ್ಲಿ ಅನೇಕರಿರಬಹುದು. ಆ ಕಾಡಿನ ಸೋಲಿಗರಿಗೆ ರಂಗನು ದೇವರು ಮಾತ್ರವಲ್ಲ, ನಂಟನೂ ಹೌದು. ತಮ್ಮ ಕುಲದ ಕುಸುಮಾಲೆಯನ್ನು ಕೈಹಿಡಿದ ಭಾವ. 1974ರಲ್ಲಿ ಅಲ್ಲಿ ವನ್ಯಜೀವಿಧಾಮವು ಏರ್ಪಟ್ಟಿತು. ಮೃಗಗಳಿಗೆ ರಕ್ಷಣೆ ದೊರೆತುದು ಒಳ್ಳೆಯದೇ. ಆದರೆ ಸೋಲಿಗರ ಬೇಟೆ ನಿಂತಿತು, ನೆಲ ಬದಲಿಸುತ್ತ ಮಾಡುತ್ತಿದ್ದ ಬೇಸಾಯವೂ ನಿಂತಿತು. ಒಳಗಾಡಿನ ಅನೇಕ ಕುಟುಂಬಗಳು ಅಂಚಿನ ಪೋಡುಗಳಿಗೆ ಬಂದು ನೆಲೆಸಬೇಕಾಯಿತು.

ಇಂಥ ಸಂಕಟದ ದಿನಗಳಲ್ಲಿ ಡಾಕ್ಟರ್ ಎಚ್. ಸುದರ್ಶನರು ಅಲ್ಲಿಗೆ ಹೋಗಿ ಚಿಕಿತ್ಸೆಯನ್ನಾರಂಭಿಸಿದರು. 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ಹುಟ್ಟಿತು. ರೋಗಕ್ಕೆ ಮದ್ದು ಕೊಟ್ಟರಾಯಿತೆ? ರೋಗದ ಬೇರು ಹಸಿವಿನಲ್ಲಿ, ಹಸಿವಿನ ಬೇರು ಕೈತಪ್ಪಿದ ನೆಲದಲ್ಲಿ. ಆದಕಾರಣ ಆಸ್ಪತ್ರೆಯ ಜೊತೆಗೆ ಶಾಲೆಯೂ ಕಸಬಿನ ಶಿಕ್ಷಣವೂ ಬೆಳೆದುವು. ಗಿರಿಜನರ ಹೆಣ್ಣುಮಕ್ಕಳು ದಾದಿಯರ ಕೆಲಸವನ್ನು ಕಲಿತರು. 1994ರಲ್ಲಿ ಸ್ವೀಡನ್ ದೇಶದ ರೈಟ್ ಲೈವ್ಲಿಹುಡ್ ಪ್ರಶಸ್ತಿಯು ಡಾಕ್ಟರರಿಗೂ ಕೇಂದ್ರಕ್ಕೂ ಸಂದಿತು. ಇದೆಲ್ಲವೂ ಶ್ಲಾಘ್ಯವೇ. ಆದರೆ ಇಂಥ ಮುಂದಾಳಿನ ನಿಜವಾದ ಒರೆಗಲ್ಲು ಪ್ರಶಸ್ತಿಯಲ್ಲ. ಮುಂದೆ ಆ ಜನರು ತಮ್ಮ ಮಾತನ್ನು ತಾವೇ ಆಡಬಲ್ಲರೆ ಎಂಬುದು.

ಆ ಪರೀಕ್ಷೆಯೂ ಬಂದಿತು. ಜೇನು, ನೆಲ್ಲಿಕಾಯಿ, ಪಾಚಿ ಮೊದಲಾದುವನ್ನು ತಂದು ಗಿರಿಜನರ ಸಹಕಾರ ಸಂಘಗಳಿಗೆ ಮಾರಿ ಸೋಲಿಗರು ಜೀವಿಸುತ್ತಿದ್ದರು. ವನ್ಯಜೀವಿ ಕಾನೂನಿಗೆ 2002ರಲ್ಲಾದ ತಿದ್ದುಪಡಿಯ ತರುವಾಯ ಈ ಮಾರಾಟಕ್ಕೂ ತಡೆಯಾಯಿತು. ಆಗ ಸೋಲಿಗರ ಸಂಘಗಳೇ ಮುಂದೆ ನಿಂತುವು. 2006ರ ಅರಣ್ಯಹಕ್ಕು ಕಾನೂನು ಅವರಿಗೆ ಆಧಾರವಾಯಿತು. ಹಕ್ಕನ್ನು ಕೇಳುವವನು ಕುರುಹನ್ನು ತೋರಿಸಬೇಕಷ್ಟೆ. ಕಾಡಿನೊಳಗೆ ಪ್ರತಿಯೊಂದು ಕುಲಕ್ಕೂ ತನ್ನದೆಂಬ ‘ಎಲ್ಲೆ’ಯುಂಟು, ಅದರಲ್ಲಿ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ಪೂಜ್ಯಸ್ಥಾನಗಳುಂಟು. ಹಿರಿಯರು ನಡೆದು ತೋರಿಸಿದರು. ಓದು ಕಲಿತ ಸೋಲಿಗ ತರುಣರು ವಿದ್ವಾಂಸರೊಡನೆ ಸೇರಿ ಅಂಥ ನೂರಾರು ಸ್ಥಳಗಳನ್ನು ನಕ್ಷೆಗೆ ತಂದರು. ಆ ನಕ್ಷೆಯನ್ನು ಹೊರಗಿನ ಯಾವ ಮಹನೀಯನೂ ಒಬ್ಬನೇ ಬರೆಯಲಾರನು. 2011ರ ಆದಿಯಲ್ಲಿ ಆ ಕಾಡು ಹುಲಿಧಾಮವಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ 25 ಗ್ರಾಮಸಭೆಗಳಿಗೆ ಸಾಮುದಾಯಿಕ ಅರಣ್ಯಹಕ್ಕು ದೊರೆಯಿತು. ಭಾರತದ ಹುಲಿಧಾಮಗಳಲ್ಲಿ ಇದೇ ಮೊದಲನೆಯದು.

ಹಕ್ಕುಪತ್ರ ಬಂದಮಾತ್ರಕ್ಕೆ ವಾದಗಳೆಲ್ಲಾ ತೀರವು. ಬೇಸಗೆಯ ಮೊದಲಲ್ಲಿ ತರಗಿಗೆ ಸಣ್ಣ ಬೆಂಕಿಯಿಡುವ ತಮ್ಮ ಪದ್ಧತಿ ನಿಂತುದರಿಂದಲೇ ಲಂಟಾನ ಹಬ್ಬಿತು, ನೆಲ್ಲಿಯ ಮರಗಳಿಗೆ ಬಂದಳಿಕೆ ಹೆಚ್ಚಿತು ಎಂದು ಸೋಲಿಗ ಹಿರಿಯರು ಹೇಳುತ್ತಾರೆ. ಕಾನೂನು ಕಾಡಿಗೆ ಬೆಂಕಿಯನ್ನು ಒಪ್ಪದು. ಇಂಥ ವಿಷಯದಲ್ಲಿ ತೀರ್ಮಾನ ಹೇಗೇ ಆಗಲಿ, ಆ ಹಿರಿಯರು ಕುಳಿತಿರದ ಸಭೆಯಲ್ಲಿ ಆಗಕೂಡದು.

ಹೊರಗಿನಿಂದ ಬಂದ ನಾಯಕನು ಬೇಡವೆಂದು ನಾವು ಹೇಳುವುದಿಲ್ಲ. ಕಚೇರಿಯ ಭಾಷೆ ಬಾರದ ಕಾಲದಲ್ಲಿ ಜೊತೆಗೆ ನಿಂತು ಮಾತನಾಡುವವನು ಬೇಕೇಬೇಕು. ಅವನಿಗಿರುವ ಅಪಾಯವೆಂದರೆ, ಬರಬರುತ್ತ ಜನರ ಬದಲಿಗೆ ತಾನೇ ಮಾತನಾಡುವ ಅಭ್ಯಾಸ. ಇದಕ್ಕೆ ನಾವೂ ಹೊಣೆಗಾರರು. ಹೆಸರನ್ನು ನೋಡಿ ಹಣ ಕೊಡುವವರು ನಾವೇ ಅಲ್ಲವೆ?

ಆದುದರಿಂದ ಮುಂದೆ ಚಂದಾ ಕೇಳಲು ಬಂದವರನ್ನು ಇನ್ನೆರಡು ಮಾತು ಕೇಳೋಣ: ಯಾರಿಗಾಗಿ ಸಂಸ್ಥೆಯೋ ಅವರಲ್ಲಿ ಎಷ್ಟು ಮಂದಿ ಆಡಳಿತ ಮಂಡಲಿಯಲ್ಲಿದ್ದಾರೆ? ಲೆಕ್ಕವನ್ನು ಅವರಿಗೆ ಅವರ ಮಾತಿನಲ್ಲಿ ಓದಿಹೇಳುವುದುಂಟೆ?

ಜಾಣೆಯಾದ ಅತ್ತೆಯು ಉಗ್ರಾಣದ ಬೀಗದ ಕೈಯನ್ನು ಕೊನೆಯವರೆಗೂ ಸೊಂಟದಲ್ಲೇ ಸಿಕ್ಕಿಸಿಕೊಂಡಿರುವುದಿಲ್ಲ; ಕೈಯಲ್ಲಿ ಶಕ್ತಿಯಿರುವಾಗಲೇ ಸೊಸೆಗೆ ಕೊಟ್ಟು, ತಪ್ಪಿದಲ್ಲಿ ತಿದ್ದಿ, ಕೇಳಿದಾಗ ಮಾತ್ರ ಬುದ್ಧಿ ಹೇಳುತ್ತಾಳೆ. ಸೇವಾಸಂಸ್ಥೆಯ ಮುಂದಾಳಿಗೂ ಇದಕ್ಕಿಂತ ಮೇಲಾದ ಪಾಠವನ್ನು ನಾವು ಕಾಣೆವು. ಅಲ್ಲಿ ಒಂದು ಮಾತು ಹೆಚ್ಚಿಗೆ ನೆನಪಿನಲ್ಲಿರಬೇಕು: ಆ ಉಗ್ರಾಣವು ಮೊದಲಿನಿಂದಲೂ ಸೋಲಿಗರದೇ.