ನಂಬಿಕೆ ನಮ್ಮದು, ಮೈ ನಮ್ಮದು, ವಿಮೆಯ ಹಣವೂ ನಮ್ಮದು

ಕೊರೋಚಿ, ಇಚಲಕರಂಜಿ, ಗಡಹಿಂಗ್ಲಜ ಭಾಗದ ಕನ್ನಡ ಅಕ್ಕತಂಗಿಯರಲ್ಲಿ, ಅಣ್ಣತಮ್ಮಂದಿರಲ್ಲಿ ವಿನಂತಿ



ಮಕ್ಕಳು ಎಷ್ಟು ಬೇಕು, ಯಾವಾಗ ಬೇಕು ಎಂಬುದನ್ನು ಗಂಡ ಹೆಂಡತಿ ಕೂತು ಮಾತಾಡಿ ತೀರ್ಮಾನಿಸಬೇಕು. ಆದರೆ ಬಸಿರು ಹೊರುವವಳು ಹೆಣ್ಣು, ಆದ್ದರಿಂದ ಕೊನೆಯ ಮಾತು ಅವಳದ್ದಾಗಿರಬೇಕು. ಅವಳ ಬದಲಿಗೆ ಆ ಮಾತನ್ನು ಸರಕಾರ ಆಡಬಾರದು. ಮಠ, ಮಸೀದಿ, ಬಸದಿ, ಚರ್ಚು ಆಡಬಾರದು. ಪಗಾರ ಕೊಡುವ ಸೇಠ, ಪಾಲಿಸಿ ಮಾರುವ ಕಂಪನಿ ಆಡಬಾರದು. ಈ ಕರಪತ್ರ ಹೇಳುವುದು ಇಷ್ಟೇ. ಸರಕಾರ ಸೌಲಭ್ಯ ಕೊಡಲಿ, ಬಲವಂತ ಮಾಡದಿರಲಿ. ಧರ್ಮ ಬೋಧಿಸಲಿ, ಬಾಗಿಲು ಹಾಕದಿರಲಿ.

ಇದು ನಮ್ಮ ನೆಲದ ಹಳೆಯ ಜಗಳ

ಗಣಿತದ ಪ್ರಾಧ್ಯಾಪಕ ರಘುನಾಥ ಧೋಂಡೋ ಕರ್ವೆ 1921ರಲ್ಲಿ ಮುಂಬಯಿಯಲ್ಲಿ ಸಂತಾನ ನಿಯಂತ್ರಣದ ಸಲಹಾ ಕೇಂದ್ರ ತೆರೆದರು. ಅವರು ಪಾಠ ಹೇಳುತ್ತಿದ್ದ ವಿಲ್ಸನ್ ಕಾಲೇಜು ಕ್ರೈಸ್ತ ಮಿಶನರಿಗಳದ್ದು. ಆಡಳಿತದವರಿಗೆ ಈ ಕೆಲಸ ಒಪ್ಪಿಗೆಯಾಗಲಿಲ್ಲ. ಕರ್ವೆ ಕಾಲೇಜು ಬಿಡಬೇಕಾಯಿತು. 1927ರಲ್ಲಿ ಅವರು ‘ಸಮಾಜ ಸ್ವಾಸ್ಥ್ಯ’ ಮಾಸಪತ್ರಿಕೆ ಆರಂಭಿಸಿದಾಗ ಸನಾತನಿಗಳು ಅಶ್ಲೀಲದ ಆರೋಪ ಹೊರಿಸಿ ಕೋರ್ಟಿಗೆಳೆದರು. 1934ರ ಮೊಕದ್ದಮೆಯಲ್ಲಿ ಕರ್ವೆ ಪರವಾಗಿ ವಾದಿಸಿದ ವಕೀಲರು ಡಾ. ಬಾಬಾಸಾಹೇಬ ಅಂಬೇಡ್ಕರ್.

ಬಾಬಾಸಾಹೇಬರು ಈ ಭಾಗಕ್ಕೆ ಹೊರಗಿನವರಲ್ಲ. 1920ರ ಮಾರ್ಚ್‌ನಲ್ಲಿ ಇಲ್ಲೇ ನಮ್ಮ ಮಗ್ಗುಲಿನ ಮಾಣಗಾವದಲ್ಲಿ ದಲಿತರ ಪರಿಷತ್ತು ಕೂಡಿದಾಗ ಕೊಲ್ಹಾಪುರದ ಶಾಹೂ ಮಹಾರಾಜರು ಅವರನ್ನು ದಲಿತರ ನಾಯಕರೆಂದು ಎಲ್ಲರ ಮುಂದೆ ಸಾರಿದರು. ಅದೇ ಅಂಬೇಡ್ಕರರು ಸಿದ್ಧಪಡಿಸಿದ ಸಂತಾನ ನಿಯಂತ್ರಣದ ಗೊತ್ತುವಳಿಯನ್ನು 1938ರ ನವೆಂಬರ್ 10ರಂದು ಸದಸ್ಯ ಪಿ.ಜೆ. ರೋಹಮ್ ಮುಂಬಯಿ ವಿಧಾನಸಭೆಯಲ್ಲಿ ಮಂಡಿಸಿದರು. ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರ ಆಗ ಮುಂಬಯಿ ಪ್ರಾಂತದಲ್ಲೇ ಇದ್ದವು. ಸಭೆ ಗೊತ್ತುವಳಿಯನ್ನು ಸೋಲಿಸಿತು.

ಅದಕ್ಕೂ ಎಂಟು ವರ್ಷ ಮೊದಲೇ, 1930ರಲ್ಲಿ, ಮೈಸೂರು ಸಂಸ್ಥಾನ ತನ್ನ ಸರಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕೇಂದ್ರ ತೆರೆಯಲು ಆದೇಶ ಹೊರಡಿಸಿತ್ತು. ಸರಕಾರವೇ ಇಂಥ ಕೇಂದ್ರ ನಡೆಸಿದ್ದು ಜಗತ್ತಿನಲ್ಲಿ ಅದೇ ಮೊದಲೆಂದು ಹೇಳುತ್ತಾರೆ. ಗರ್ಭನಿರೋಧ ಪರದೇಶದಿಂದ ಬಂದ ಕೆಟ್ಟ ಚಾಳಿ ಎನ್ನುವವರಿಗೆ ಕನ್ನಡ ನಾಡಿನ ಈ ಆದೇಶವೇ ಉತ್ತರ.

ವಿರೋಧವೂ ಯಾವುದೋ ಒಂದು ಧರ್ಮದ ಸೊತ್ತಲ್ಲ. ಗಾಂಧೀಜಿ ಬ್ರಹ್ಮಚರ್ಯವೇ ದಾರಿ ಎಂದವರು. 1935ರ ಡಿಸೆಂಬರ್‌ನಲ್ಲಿ ವರ್ಧಾಕ್ಕೆ ಬಂದ ಅಮೆರಿಕದ ಮಾರ್ಗರೆಟ್ ಸ್ಯಾಂಗರ್ ಜತೆ ದೀರ್ಘವಾಗಿ ಚರ್ಚಿಸಿಯೂ ಅವರು ಕೃತಕ ಸಾಧನಗಳನ್ನು ಒಪ್ಪಲಿಲ್ಲ. 1968ರಲ್ಲಿ ಪೋಪ್ ಆರನೆಯ ಪಾಲ್ ಕ್ಯಾಥೊಲಿಕರಿಗೆ ಅವು ನಿಷಿದ್ಧವೆಂದು ಸಾರಿದರು. ಹೀಗೆ ನಂಬುವವರು ಪ್ರಾಮಾಣಿಕರು, ಅವರಿಗೆ ಗೌರವ ಸಲ್ಲಬೇಕು. ತಾವು ನಂಬಿದ್ದನ್ನು ತಮ್ಮ ಬಾಳಿನಲ್ಲಿ ನಡೆಸುವ ಪೂರ್ಣ ಹಕ್ಕು ಅವರಿಗಿದೆ. ಅದೇ ನಂಬಿಕೆಯನ್ನು ಬೇರೆಯವರ ಬಾಳಿಗೆ ಹೇರುವ ಹಕ್ಕು ಮಾತ್ರ ಯಾರಿಗೂ ಇಲ್ಲ.

ಬಲವಂತದ ಕಾಲವನ್ನು ಮರೆಯಬೇಡಿ

ಧರ್ಮದ ಹೆಸರಿನ ತಡೆಯಷ್ಟೇ ಕೆಟ್ಟದ್ದು ಸರಕಾರದ ಹೆಸರಿನ ಒತ್ತಾಯ. ತುರ್ತುಪರಿಸ್ಥಿತಿಯಲ್ಲಿ, 1976–77ರ ಒಂದೇ ವರ್ಷದಲ್ಲಿ, ದೇಶದಲ್ಲಿ 82 ಲಕ್ಷಕ್ಕೂ ಹೆಚ್ಚು ಸಂತಾನಹರಣ ಆಪರೇಶನ್ ನಡೆದವು. ನಮ್ಮ ಮಹಾರಾಷ್ಟ್ರ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಮೂರನೆಯ ಮಗುವಿನ ನಂತರ ಆಪರೇಶನ್ ಕಡ್ಡಾಯ, ತಪ್ಪಿದರೆ ಜೈಲು ಎನ್ನುವ ಮಸೂದೆಯನ್ನು 1976ರಲ್ಲಿ ವಿಧಾನಮಂಡಲ ಪಾಸು ಮಾಡಿಯೇಬಿಟ್ಟಿತು. ರಾಷ್ಟ್ರಪತಿಯ ಅಂಕಿತ ಬೀಳಲಿಲ್ಲವೆಂದು ಅದು ಕಾನೂನಾಗಲಿಲ್ಲ. 1977ರ ಚುನಾವಣೆಯಲ್ಲಿ ಜನ ತಮ್ಮ ಸಿಟ್ಟನ್ನು ಮತಪೆಟ್ಟಿಗೆಯಲ್ಲಿ ತೋರಿಸಿದರು.

ಆ ಕಾಲ ಮುಗಿಯಿತು ಎಂದು ನೆಮ್ಮದಿಯಾಗಿ ಕೂರುವ ಹಾಗಿಲ್ಲ. 2014ರ ನವೆಂಬರ್‌ನಲ್ಲಿ ಛತ್ತೀಸ್‌ಗಢದ ಬಿಲಾಸಪುರದ ಆಪರೇಶನ್ ಶಿಬಿರದಲ್ಲಿ ಬಡ ಹೆಂಗಸರು ಸತ್ತರು. ದೇವಿಕಾ ಬಿಸ್ವಾಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2016ರ ಸೆಪ್ಟೆಂಬರ್ 14ರಂದು ತೀರ್ಪು ಕೊಟ್ಟು, ಮೂರು ವರ್ಷದೊಳಗೆ ಇಂಥ ಸಾಮೂಹಿಕ ಶಿಬಿರಗಳು ನಿಲ್ಲಬೇಕೆಂದಿತು. ಆಪರೇಶನ್‌ನ ಪರಿಣಾಮವನ್ನು ರೋಗಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕು, ಆಮೇಲೆ ಯೋಚಿಸಲು ಒಂದು ತಾಸಿನಷ್ಟಾದರೂ ಬಿಡುವು ಕೊಡಬೇಕು ಎಂದೂ ಹೇಳಿತು. ಮನೆಯಲ್ಲಿ ಕನ್ನಡ ಆಡುವ ನಮ್ಮ ಹೆಂಗಸರಿಗೆ ಈ ಮಾತು ಬಹಳ ದೊಡ್ಡದು. ಮರಾಠಿಯಲ್ಲಿ ಅಚ್ಚಾದ ಕಾಗದಕ್ಕೆ ಓದದೆ ಹೆಬ್ಬೆಟ್ಟು ಒತ್ತಿದರೆ ಅದನ್ನು ಒಪ್ಪಿಗೆ ಎನ್ನಲಾಗದು. ನನಗೆ ಕನ್ನಡದಲ್ಲಿ ತಿಳಿಸಿ ಎಂದು ಕೇಳುವುದು ನಿಮ್ಮ ಹಕ್ಕು.

ಸಂವಿಧಾನ ಏನು ಹೇಳುತ್ತದೆ?

ನಮ್ಮ ಸಂವಿಧಾನದ 25ನೇ ವಿಧಿ ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನೂ ಧರ್ಮಾಚರಣೆಯ ಸ್ವಾತಂತ್ರ್ಯವನ್ನೂ ಎಲ್ಲರಿಗೂ ಕೊಟ್ಟಿದೆ. ಆದರೆ ಅದು ಸಾರ್ವಜನಿಕ ಸುವ್ಯವಸ್ಥೆಗೆ, ನೈತಿಕತೆಗೆ, ಆರೋಗ್ಯಕ್ಕೆ, ಉಳಿದ ಮೂಲಭೂತ ಹಕ್ಕುಗಳಿಗೆ ಒಳಪಟ್ಟಿದೆ ಎಂದೂ ಅಲ್ಲೇ ಬರೆದಿದೆ. ಆತ್ಮಸಾಕ್ಷಿ ಸಂಸ್ಥೆಯ ಮುಖ್ಯಸ್ಥನಿಗೆ ಎಷ್ಟಿದೆಯೋ ಅಲ್ಲಿ ಕಸ ಗುಡಿಸುವವಳಿಗೂ ಅಷ್ಟೇ ಇದೆ. ಮಗು ಹೆರುವ, ಹೆರದಿರುವ ಆಯ್ಕೆ 21ನೇ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದ ಭಾಗವೆಂದು 2009ರಲ್ಲಿ ಸುಚಿತಾ ಶ್ರೀವಾಸ್ತವ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿತು.

ಇದೇ ಕೋರ್ಟು 2003ರಲ್ಲಿ ಜಾವೇದ್ ಮೊಕದ್ದಮೆಯಲ್ಲಿ ಹರಿಯಾಣದ ಎರಡು ಮಕ್ಕಳ ನಿಯಮವನ್ನು ಎತ್ತಿಹಿಡಿದಿತ್ತು. ಪಂಚಾಯಿತಿಗೆ ನಿಲ್ಲಲು ಎರಡೇ ಮಕ್ಕಳು ಎನ್ನುವುದು ಧರ್ಮಸ್ವಾತಂತ್ರ್ಯಕ್ಕೆ ಅಡ್ಡಿಯಲ್ಲ ಎಂದಿತು. ತೀರ್ಪನ್ನು ಗೌರವಿಸುತ್ತಲೇ ಹೇಳುತ್ತೇವೆ: ಆ ನಿಯಮ ನ್ಯಾಯವಲ್ಲ. ಆಮೇಲೆ ಹರಿಯಾಣವೇ ಅದನ್ನು ಕೈಬಿಟ್ಟಿತು. ಮಹಾರಾಷ್ಟ್ರದಲ್ಲಿ 2001ರ ಸೆಪ್ಟೆಂಬರ್ 12ರ ನಂತರ ಎರಡಕ್ಕಿಂತ ಹೆಚ್ಚು ಮಕ್ಕಳಾದವರು ಗ್ರಾಮಪಂಚಾಯಿತಿಗೆ ಅನರ್ಹರು. 2005ರ ಚಿಕ್ಕ ಕುಟುಂಬ ನಿಯಮದಿಂದ ಸರಕಾರಿ ನೌಕರಿಯ ಬಾಗಿಲೂ ಮುಚ್ಚಿತು. ಗಂಡನ ಮನೆಯವರ ಒತ್ತಾಯಕ್ಕೆ ಮೂರನೆಯದನ್ನು ಹೆತ್ತ ಹೆಂಗಸು ಸದಸ್ಯತ್ವವನ್ನೂ ಕಳೆದುಕೊಳ್ಳುತ್ತಾಳೆ. ಎರಡು ಕಡೆಯಿಂದಲೂ ಪೆಟ್ಟು ಅವಳಿಗೇ.

ಇದರ ಬೆನ್ನಿಗೆ ಒಂದು ಜಾತಿಯ, ಒಂದು ಧರ್ಮದ ಮಕ್ಕಳ ಲೆಕ್ಕ ಹಾಕುತ್ತ ಹಗೆ ಹರಡುವವರೂ ಇದ್ದಾರೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. 1992–93ರಲ್ಲಿ ಮುಸ್ಲಿಂ ಹೆಂಗಸರಿಗೆ ಸರಾಸರಿ 4.4 ಮಕ್ಕಳಿದ್ದರೆ 2019–21ರ ಹೊತ್ತಿಗೆ ಅದು 2.4ಕ್ಕೆ ಇಳಿದಿದೆ. ಮಹಾರಾಷ್ಟ್ರದಲ್ಲೂ ಕರ್ನಾಟಕದಲ್ಲೂ ಒಟ್ಟು ಸರಾಸರಿ ಅದೇ 2019–21ರ ಸಮೀಕ್ಷೆಯಲ್ಲಿ 1.7. ಓದು, ದವಾಖಾನೆ, ಕೈಯಲ್ಲಿ ದುಡಿಮೆ ಸಿಕ್ಕಲ್ಲಿ ಎಲ್ಲ ಧರ್ಮದ ಹೆಂಗಸರೂ ಚಿಕ್ಕ ಕುಟುಂಬವನ್ನೇ ಆರಿಸಿಕೊಂಡಿದ್ದಾರೆ. ಅದಕ್ಕೆ ಶಿಕ್ಷೆಯ ಕಾನೂನು ಬೇಕಿಲ್ಲ.

ವಿಮೆಯ ಹಣ ಯಾರದು?

ನಂಬಿಕೆಯ ಜಗಳ ವಿಮೆಯ ಹಣಕ್ಕೂ ಬಂದಿದೆ. ಅಮೆರಿಕದಲ್ಲಿ 2010ರ ಆರೋಗ್ಯ ಕಾನೂನಿನಡಿ, ನೌಕರರ ವಿಮೆಯಲ್ಲಿ ಗರ್ಭನಿರೋಧಕ ಉಚಿತವಾಗಿ ಸಿಗಬೇಕೆಂದು ಸರಕಾರ ಕಡ್ಡಾಯ ಮಾಡಿತು. ಹಾಬಿ ಲಾಬಿ ಎಂಬ ಅಂಗಡಿ ಸರಣಿಯ ಮಾಲೀಕರು ಕೆಲವು ಸಾಧನಗಳು ತಮ್ಮ ಕ್ರೈಸ್ತ ನಂಬಿಕೆಗೆ ವಿರುದ್ಧ ಎಂದು ಕೋರ್ಟಿಗೆ ಹೋದರು. 2014ರ ಜೂನ್ 30ರಂದು ಅಲ್ಲಿನ ಸುಪ್ರೀಂ ಕೋರ್ಟು ಐದಕ್ಕೆ ನಾಲ್ಕರ ಬಹುಮತದಿಂದ ಮಾಲೀಕರ ಪರ ತೀರ್ಪಿತ್ತಿತು. 2020ರಲ್ಲಿ, ವೃದ್ಧಾಶ್ರಮ ನಡೆಸುವ ಸನ್ಯಾಸಿನಿಯರ ಸಂಘದ ಮೊಕದ್ದಮೆಯಲ್ಲಿ, ವಿನಾಯಿತಿಯನ್ನು ಇನ್ನೂ ಹಿಗ್ಗಿಸಲು ಸರಕಾರಕ್ಕೆ ಅಧಿಕಾರವಿದೆ ಎಂದಿತು.

ಸನ್ಯಾಸಿನಿಯರ ಮನಸ್ಸಿಗೆ ಒಪ್ಪದ ವಿಮೆಯ ಕಾಗದಕ್ಕೆ ಅವರಿಂದ ಸಹಿ ಹಾಕಿಸಬೇಡಿ, ನಿಜ. ಆದರೆ ಆ ವಿನಾಯಿತಿಯ ಬೆಲೆಯನ್ನು ಅಲ್ಲಿ ದುಡಿಯುವ ದಾದಿ ಯಾಕೆ ತೆರಬೇಕು? ಸರಕಾರ ನೇರವಾಗಿ ಅವಳಿಗೆ ಸೌಲಭ್ಯ ಮುಟ್ಟಿಸಿದರೆ ಇಬ್ಬರ ಆತ್ಮಸಾಕ್ಷಿಯೂ ಉಳಿಯುತ್ತದೆ. ಅಂಗಡಿ ಮಾಲೀಕರ ವಾದವಂತೂ ಬೇರೆಯೇ. ವಿಮೆ ದಾನವಲ್ಲ, ದುಡಿಮೆಯ ಪ್ರತಿಫಲ. ಪಗಾರದ ಹಣದಿಂದ ಹೆಂಗಸು ಏನು ಕೊಂಡಳು ಎಂದು ಸೇಠ ಹೇಗೆ ಕೇಳಲಾಗದೋ, ಹಾಗೆಯೇ ವಿಮೆಯಿಂದ ಏನು ಪಡೆದಳು ಎಂದೂ ಕೇಳಲಾಗದು.

ನಮ್ಮ ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಯೋಜನೆಯನ್ನೇ ನೋಡಿ. ಸೇಠ ಪಗಾರದ ಶೇ. 3.25 ಕಟ್ಟುತ್ತಾನೆ, ಕಾರ್ಮಿಕ ಶೇ. 0.75 ಕಟ್ಟುತ್ತಾನೆ. ಎರಡೂ ಬರುವುದು ಮಗ್ಗದ ಮುಂದೆ ನಿಂತವರ ಬೆವರಿನಿಂದ. ಸಂತಾನಹರಣ ಆಪರೇಶನ್ ಮಾಡಿಸಿಕೊಂಡರೆ ಗಂಡಸಿಗೆ 7 ದಿನ, ಹೆಂಗಸಿಗೆ 14 ದಿನ ಪೂರ್ತಿ ಪಗಾರ ಇಎಸ್‌ಐ ಕೊಡುತ್ತದೆ. ಆದರೆ ಹತ್ತು ಮಂದಿಗಿಂತ ಕಡಿಮೆ ದುಡಿಯುವ ಕಾರ್ಖಾನೆ ಇದರ ಕಡ್ಡಾಯ ವ್ಯಾಪ್ತಿಯ ಹೊರಗೆ ಉಳಿಯುತ್ತದೆ. ನಾಲ್ಕಾರು ಮಗ್ಗದ ಸಣ್ಣ ಶೆಡ್ಡುಗಳೇ ತುಂಬಿರುವ ನಮ್ಮ ಭಾಗದಲ್ಲಿ ಇದರರ್ಥ ಏನೆಂದು ಹೇಳಬೇಕಿಲ್ಲ.

ಖಾಸಗಿ ವಿಮೆಯ ಕಥೆ ಇನ್ನೂ ಕಷ್ಟದ್ದು. 2019ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಪಾಲಿಸಿಯಿಂದ ಹೊರಗಿಡುವ ಸಂಗತಿಗಳಿಗೆ ಒಂದೇ ಮಾದರಿಯ ಪಟ್ಟಿ ಮಾಡಿತು. ಅದರ 17ನೇ ಸಂಖ್ಯೆಯಲ್ಲಿ ಎಲ್ಲ ಬಗೆಯ ಗರ್ಭನಿರೋಧಕ, ಸಂತಾನಹರಣ ಆಪರೇಶನ್ ಸೇರಿವೆ. ಯಾವ ಧರ್ಮಗುರುವೂ ತಡೆಯದಿದ್ದರೂ ಪಾಲಿಸಿಯ ಸಣ್ಣ ಅಕ್ಷರವೇ ನಮ್ಮ ಹೆಂಗಸರನ್ನು ತಡೆಯುತ್ತದೆ.

ಭಾರ ಹೊರುತ್ತಿರುವವರು ಯಾರು? 2019–21ರ ಅದೇ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ದೇಶದ ಮದುವೆಯಾದ ಹೆಂಗಸರಲ್ಲಿ ಶೇ. 37.9 ಮಂದಿ ಆಪರೇಶನ್ ಮಾಡಿಸಿಕೊಂಡವರು. ಗಂಡ ಆಪರೇಶನ್ ಮಾಡಿಸಿಕೊಂಡದ್ದು ಶೇ. 0.3 ಮಾತ್ರ. ಗಂಡಸಿನ ಆಪರೇಶನ್ ಸರಳ, ಸುಧಾರಿಸಿಕೊಳ್ಳಲು ಅರ್ಧ ಸಮಯ ಸಾಕು. ಹಾಗಿದ್ದೂ ಹೆಂಗಸೇ ಟೇಬಲ್ ಮೇಲೆ ಮಲಗುತ್ತಿದ್ದಾಳೆ. ಅಣ್ಣತಮ್ಮಂದಿರೇ, ಇದಕ್ಕೆ ನೀವೇ ಉತ್ತರ ಕೊಡಬೇಕು.

ನಮ್ಮ ಬೇಡಿಕೆಗಳು

1. ಆರೋಗ್ಯ ವಿಮೆಯ ಹೊರಗಿಡುವ ಪಟ್ಟಿಯಿಂದ ಗರ್ಭನಿರೋಧಕವನ್ನು ತೆಗೆಯಬೇಕು. ಪ್ರತಿ ಪಾಲಿಸಿಯೂ ಅದರ ಖರ್ಚು ಭರಿಸಬೇಕು.

2. ಹತ್ತಕ್ಕಿಂತ ಕಡಿಮೆ ಜನರಿರುವ ಮಗ್ಗದ ಶೆಡ್ಡುಗಳಿಗೂ ಇಎಸ್‌ಐ ಬರಬೇಕು.

3. ಧರ್ಮದ ಕಾರಣಕ್ಕೆ ಯಾವುದೇ ಆಸ್ಪತ್ರೆ ಈ ಸೇವೆ ಕೊಡದಿದ್ದರೆ ಅದನ್ನು ಬಾಗಿಲಲ್ಲೇ ಬರೆದು ಹಾಕಬೇಕು, ಸೇವೆ ಸಿಗುವ ಹತ್ತಿರದ ಜಾಗ ತೋರಿಸಬೇಕು.

4. ಎರಡು ಮಕ್ಕಳ ಶಿಕ್ಷೆಯ ನಿಯಮವನ್ನು ಪಂಚಾಯಿತಿಯಿಂದಲೂ ನೌಕರಿಯಿಂದಲೂ ಮಹಾರಾಷ್ಟ್ರ ಸರಕಾರ ರದ್ದು ಮಾಡಬೇಕು.

5. ಕನ್ನಡ ಕುಟುಂಬಗಳಿರುವ ಊರುಗಳ ದವಾಖಾನೆಗಳಲ್ಲಿ ಒಪ್ಪಿಗೆ ಪತ್ರ ಕನ್ನಡದಲ್ಲೂ ಇರಬೇಕು.

ನೀವು ತಿಳಿದಿರಬೇಕಾದದ್ದು

ನಿರೋಧ, ಮಾಲಾ-ಎನ್ ಗುಳಿಗೆ, ವಾರದ ಛಾಯಾ ಗುಳಿಗೆ, ಮೂರು ತಿಂಗಳ ಅಂತರಾ ಚುಚ್ಚುಮದ್ದು, ಕಾಪರ್-ಟಿ ಸರಕಾರಿ ವ್ಯವಸ್ಥೆಯಲ್ಲಿ ಉಚಿತ. ಆಪರೇಶನ್‌ಗೆ ಗಂಡನ ಸಹಿ ಬೇಕೆಂದು ನಿಯಮವಿಲ್ಲ. ಆಪರೇಶನ್ ವಿಫಲವಾದರೆ, ತೊಡಕಾದರೆ, ಜೀವ ಹೋದರೆ ಪರಿಹಾರ ಕೊಡುವ ಸರಕಾರಿ ಯೋಜನೆ 2005ರಿಂದ ಇದೆ. ಸುಪ್ರೀಂ ಕೋರ್ಟಿನ ಆದೇಶದಿಂದ ಬಂದ ಯೋಜನೆ ಅದು. ಕಾಗದಪತ್ರಗಳನ್ನು ಜೋಪಾನವಾಗಿಡಿ, ತಡಮಾಡದೆ ಅರ್ಜಿ ಹಾಕಿ. ಇಎಸ್‌ಐ ಚೀಟಿ ಇದ್ದರೆ ಸೇಠನ ಅಪ್ಪಣೆಗೆ ಕಾಯಬೇಡಿ.

ಗರ್ಭನಿರೋಧ ಬೇಡವೆಂದು ನಿಮ್ಮ ಧರ್ಮ ಹೇಳಿ, ಅದನ್ನು ನೀವು ಮನಸಾರೆ ಒಪ್ಪಿದ್ದರೆ, ಬೇಡವೆನ್ನಿ. ಯಾವ ದಾದಿಯೂ ಯಾವ ಅಧಿಕಾರಿಯೂ ನಿಮ್ಮನ್ನು ಒತ್ತಾಯಿಸುವಂತಿಲ್ಲ, ಒತ್ತಾಯಿಸಿದರೆ ನಿಮ್ಮ ಜತೆ ನಾವು ನಿಲ್ಲುತ್ತೇವೆ. ಬೇಕೆಂದು ನಿಮ್ಮ ಮನಸ್ಸು ಹೇಳಿದರೆ ಧೈರ್ಯವಾಗಿ ಕೇಳಿ, ಆಗಲೂ ನಿಮ್ಮ ಜತೆ ನಾವೇ.

ಈ ಕರಪತ್ರವನ್ನು ಮನೆಯಲ್ಲಿ ಗಟ್ಟಿಯಾಗಿ ಓದಿ. ಓದಲು ಬಾರದ ಅತ್ತೆಗೆ, ಪಕ್ಕದ ಮನೆಯ ಸೊಸೆಗೆ, ಪಾಳಿಯ ಗೆಳತಿಗೆ ಓದಿ ಹೇಳಿ. ಮುಂದಿನ ಗ್ರಾಮಸಭೆಯಲ್ಲಿ, ವಾರ್ಡಿನ ಸಭೆಯಲ್ಲಿ ಎದ್ದು ನಿಂತು ಈ ಐದು ಬೇಡಿಕೆಗಳನ್ನು ಕೇಳಿ, ಠರಾವು ಬರೆಸಿ. ಮತ ಕೇಳಲು ಬಂದವರಿಂದ ಉತ್ತರ ಪಡೆಯದೆ ಮತ ಕೊಡಬೇಡಿ.

ಗಡಿಭಾಗದ ಕನ್ನಡ ದುಡಿಯುವ ಕುಟುಂಬಗಳ ಪರವಾಗಿ
ಕೊರೋಚಿ, ತಾಲೂಕು ಹಾತಕಣಂಗಲೆ, ಜಿಲ್ಲೆ ಕೊಲ್ಹಾಪುರ